ಅಜ್ಜಿ ಹೂಂ ಅನ್ನದ ಎಂಟು ಸೆಕೆಂಡು

ಒಂದು ಊರಿನಲ್ಲಿ ಒಂಬತ್ತು ಅಂತಸ್ತಿನ ಕಟ್ಟಡವೊಂದು ಇತ್ತಂತೆ. ಅದರ ಹೊಟ್ಟೆಯೊಳಗೆ ಒಂದು ಕಬ್ಬಿಣದ ಪೆಟ್ಟಿಗೆ. ಬೆಳಗಾದರೆ ಸಾಕು, ಕೆಳಗಿನ ಮನುಷ್ಯರನ್ನು ನುಂಗಿ ಮೇಲೆ ಉಗುಳುತ್ತಿತ್ತು, ಮೇಲಿನವರನ್ನು ನುಂಗಿ ಕೆಳಗೆ ಉಗುಳುತ್ತಿತ್ತು. ಒಬ್ಬರಿಗೂ ಹಲ್ಲು ತಾಗುತ್ತಿರಲಿಲ್ಲ. ಯಾಕೆಂದರೆ ಪೆಟ್ಟಿಗೆಯ ನೆತ್ತಿಯ ಮೇಲೆ, ಬೀಗ ಹಾಕಿದ ಕೋಣೆಯಲ್ಲಿ, ಇಬ್ಬರು ಕಾವಲುಗಾರರು ಎದುರುಬದುರು ನಿಂತು ಒಂದು ಚಕ್ರವನ್ನು ಅವುಚಿ ಹಿಡಿದಿರುತ್ತಿದ್ದರು. ಹಿಡಿ ಎಂದರೆ ಹಿಡಿಯುವುದು, ಬಿಡು ಎಂದರೆ ಬಿಡುವುದು, ಅಷ್ಟೇ ಅವರ ನೌಕರಿ. ಒಂದು ದಿನ ಎಡಗಡೆಯ ಕಾವಲುಗಾರನ ಬೆನ್ನಿನಲ್ಲಿ ಕೂದಲೆಳೆಯಷ್ಟು ಸೀಳು ಬಿತ್ತು. ಅದು ಗೊತ್ತಿದ್ದದ್ದು ಭೂಮಿಯ ಮೇಲೆ ಒಬ್ಬನಿಗೆ. ಅವನು ಬಾಯಿ ಬಿಡಲಿಲ್ಲ.

ಹೀಗೆ ಶುರುವಾಗಿದ್ದರೆ ಅಜ್ಜಿಗೆ ಬಹಳ ಹಿಡಿಸುತ್ತಿತ್ತು. ಆದರೆ ಈ ಕತೆ ಹೇಳಿದವನು ಲಿಫ್ಟ್ ಮೆಕ್ಯಾನಿಕ್. ಅವನು ಶುರು ಮಾಡಿದ್ದು, "ನಂದು ಇಪ್ಪತ್ತೆರಡು ವರ್ಷ ಸರ್ವೀಸು ಅಮ್ಮಾ" ಎಂದು.

ಅಜ್ಜಿ ಮತ್ತು ಮೊಮ್ಮಗಳು ನಡೆಸುತ್ತಿದ್ದ ಪಾಡ್‌ಕಾಸ್ಟಿನ ಹೆಸರು 'ಹೂಂ'. ಅಜ್ಜಿಯ ಮಲಗುವ ಕೋಣೆಯೇ ಸ್ಟುಡಿಯೊ. ಬೀರುವಿನ ಎರಡೂ ಬಾಗಿಲು ತೆರೆದಿಟ್ಟರೆ ಒಳಗಿನ ಬಟ್ಟೆಗಳು ಗೋಡೆಯ ಮಾರ್ದನಿಯನ್ನೆಲ್ಲ ಕುಡಿದುಬಿಡುತ್ತಿದ್ದವು. ವಾರಕ್ಕೊಬ್ಬರು ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ತಮ್ಮ ಕಸುಬಿನಲ್ಲಿ ನಡೆದ, ಯಾರ ಹತ್ತಿರವೂ ಹೇಳದೆ ಉಳಿಸಿಕೊಂಡ ಒಂದು ಸಂಗತಿ ಹೇಳಬೇಕು. ಅಜ್ಜಿ ಹೂಂಗುಟ್ಟಬೇಕು. ಪ್ರಶ್ನೆ ಇಲ್ಲ, ಹಿನ್ನೆಲೆಗೆ ಪಿಟೀಲು ಇಲ್ಲ, ನಡುವೆ ಬಾಯಿ ಹಾಕಿ ತನ್ನ ಕತೆ ಹೇಳಿಕೊಳ್ಳುವ ಆತಿಥೇಯ ಇಲ್ಲ. ಮೊಮ್ಮಗಳದ್ದು ಮೊದಲಿಗೆ ಒಂದೇ ಮಾತು: "ಇಲ್ಲಿ ಕತ್ತರಿಸಿದ್ದೂ ಇಲ್ಲ, ಅಂಟಿಸಿದ್ದೂ ಇಲ್ಲ. ಹೇಳಿದ್ದು ಹೇಳಿದ ಹಾಗೆ, ಕೇಳಿದ್ದು ಕೇಳಿದ ಹಾಗೆ."

ಈ ಉಪಾಯ ಹೊಳೆದದ್ದು ಹಳೆಯ ನೆನಪಿನಿಂದ. ಚಿಕ್ಕಂದಿನಲ್ಲಿ ಅವಳ ಹೂಂ ನಿಂತರೆ ಅಜ್ಜಿಯ ಕತೆಯೂ ನಿಲ್ಲುತ್ತಿತ್ತು. "ಹೂಂ ಅನ್ನೋರೇ ಇಲ್ದಿದ್ರೆ ನಾನೇನು ಗೋಡೆಗೆ ಕತೆ ಹೇಳ್ಲಾ?" ಊರಿಗೆಲ್ಲ ಮಾತನಾಡುವ ಚಪಲ ಹತ್ತಿದ ಕಾಲದಲ್ಲಿ, ಕೇಳುವ ಒಬ್ಬಳನ್ನು ಕೂರಿಸಿದರೆ ಹೇಗೆ ಎಂದುಕೊಂಡು ಮೊಮ್ಮಗಳು ಜಾಗ ಅದಲು ಬದಲು ಮಾಡಿದಳು. ನಲವತ್ತು ವಾರದಲ್ಲಿ ಸಾವಿರದ ನೂರು ಕೇಳುಗರು ಬಂದರು. ಅಜ್ಜಿಯ ಹೂಂಗಳಲ್ಲೇ ಎಷ್ಟೊಂದು ಬಗೆ! ನಂಬಿದ ಹೂಂ, ನಂಬದ ಹೂಂ, ಮುಂದೆ ಹೇಳು ಎನ್ನುವ ಹೂಂ, ಸಾಕು ಅಳು ಎನ್ನುವ ಹೂಂ.

ನಲವತ್ತೊಂದನೆಯ ವಾರ ಪೈಪೋಟಿಗೆ ಒಬ್ಬ ಬಂದ, ಊರೆಲ್ಲ ದೊಡ್ಡಗಂಟಲು ಎಂದು ಕರೆಯುತ್ತಿದ್ದ ಪಾಡ್‌ಕಾಸ್ಟಿನವನು. ಆತನಿಗೆ ಮೂರು ಕ್ಯಾಮೆರಾ, ಗಾಜಿನ ಸ್ಟುಡಿಯೊ, ಎರಡು ಲಕ್ಷ ಕೇಳುಗರು. ಅವನೂ ಒಂದು ಹೊಸ ಪಾಡ್‌ಕಾಸ್ಟ್ ತೆಗೆದ. ಅಲ್ಲಿಯೂ ಕುರ್ಚಿ, ಅಲ್ಲಿಯೂ ಕತೆ, ಅಲ್ಲಿಯೂ ಒಬ್ಬ ಮುದುಕಿ. ಆಕೆ ನಾಟಕದ ನಟಿ. ಬಾಡಿಗೆ ಅಜ್ಜಿ. ಪಿಟೀಲು ಏರಿದಂತೆ ಆಕೆಯ ಹೂಂ ಕೂಡ ಏರುತ್ತಿತ್ತು. ಎರಡೇ ವಾರದಲ್ಲಿ 'ಹೂಂ'ನ ಕೆಳಗೆ ಯಾರೋ ಬರೆದರು: "ದೊಡ್ಡಗಂಟಲನ್ನು ಕಾಪಿ ಹೊಡೆಯೋಕೆ ನಾಚಿಕೆ ಆಗಲ್ವಾ?"

ಮೊಮ್ಮಗಳು ಆ ಒಂದು ಸಾಲನ್ನು ಎಷ್ಟು ಸಲ ಓದಿಕೊಂಡಳೋ ಲೆಕ್ಕವಿಲ್ಲ.

ಪಾಡ್‌ಕಾಸ್ಟುಗಳನ್ನು ಕೇಳಿಸುವ ಆ್ಯಪ್‌ನವರು ವರ್ಷಕ್ಕೊಮ್ಮೆ ಸ್ವತಂತ್ರರ ಪೈಕಿ ಒಂದನ್ನು ಆರಿಸಿ ವರ್ಷವಿಡೀ ತಮ್ಮ ಮೊದಲ ಪುಟದಲ್ಲಿ ಇಡುತ್ತಿದ್ದರು. ಈ ಸಲ ಕೊನೆಯ ಸುತ್ತಿಗೆ ಉಳಿದದ್ದು ಎರಡು: 'ಹೂಂ', ಮತ್ತು ದೊಡ್ಡಗಂಟಲಿನ ನಕಲು. ಶುಕ್ರವಾರ ಸಂಜೆ ಐದರೊಳಗೆ ಇಬ್ಬರೂ ಒಂದೊಂದು ಹೊಸ ಕಂತು ಕಳಿಸಬೇಕು. ಗೆದ್ದರೆ ಯಾವುದು ಬೀಜ, ಯಾವುದು ಜೊಳ್ಳು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಸೋತರೆ ನಲವತ್ತು ವಾರದ ಹೂಂ ಆ ಪಿಟೀಲಿನ ಅಡಿಯಲ್ಲಿ ಹೂತುಹೋಗುತ್ತದೆ.

ಇದಕ್ಕಾಗಿ ಅವಳು ಕರೆತಂದವನೇ ಲಿಫ್ಟ್ ಮೆಕ್ಯಾನಿಕ್. ಅವಳು ಕೆಲಸ ಮಾಡುತ್ತಿದ್ದದ್ದು ಕಣ್ಣಿನ ಆಸ್ಪತ್ರೆಯೊಂದರ ರಿಸೆಪ್ಶನ್ನಿನಲ್ಲಿ, ಆರನೆಯ ಮಹಡಿ. ಅಲ್ಲಿನ ಲಿಫ್ಟಿಗೆ ತಿಂಗಳಿಗೊಮ್ಮೆ ಎಣ್ಣೆ ಹಾಕಲು ಬರುತ್ತಿದ್ದ ಅವನು ಮಾತು ಕಡಿಮೆಯ, ಕೈ ಶುದ್ಧವಿದ್ದ ಮನುಷ್ಯ. ಗುರುವಾರ ಮಧ್ಯಾಹ್ನ ಬಂದ, ಕೆಲಸದ ಚೀಲ ಕಾಲ ಬಳಿ ಇಟ್ಟುಕೊಂಡ, ನಲವತ್ತು ನಿಮಿಷ ಮಾತನಾಡಿದ. ಹದಿನಾಲ್ಕು ತಿಂಗಳ ಹಿಂದೆ ಒಂದು ಕಟ್ಟಡದಲ್ಲಿ ಲಿಫ್ಟಿನ ಬ್ರೇಕ್ ಹಿಡಿಯುವ ಎರಡು ಸ್ಪ್ರಿಂಗುಗಳಲ್ಲಿ ಒಂದು ಸೀಳಿತ್ತು. ಹೊಸದು ಇನ್ನೂ ಬಂದಿರಲಿಲ್ಲ, ಮರುದಿನವೇ ತಪಾಸಣೆ. ಕಂಪನಿಯವರು ಹೇಗಾದರೂ ಮುಗಿಸು ಎಂದರು. ಅವನು ಹಳೆಯದನ್ನೇ ಬಿಗಿದು, ರಿಜಿಸ್ಟರಿನಲ್ಲಿ 'ಬದಲಾಯಿಸಲಾಗಿದೆ' ಎಂದು ಬರೆದ. ಆಮೇಲೆ ತಿಂಗಳೊಪ್ಪತ್ತು ನಿದ್ದೆ ಬಂದಿರಲಿಲ್ಲವಂತೆ. ಹೊಸದು ಬಂದ ಮೇಲೆ ಬದಲಾಯಿಸಿದೆ ಎಂದು ಕತೆ ಮುಗಿಸಿದ.

ಕೇಳಿದವರ ಮೈಯಲ್ಲಿ ಮುಳ್ಳೇಳಬೇಕು, ಅಂಥ ಕತೆ. ಬಾಡಿಗೆ ಅಜ್ಜಿ ಏಳು ಜನ್ಮ ಎತ್ತಿದರೂ ಇಂಥದು ಸಿಗುವುದಿಲ್ಲ.

ಶುಕ್ರವಾರ ಮೊಮ್ಮಗಳು ರಜೆ ಹಾಕಿದ್ದಳು. ಹನ್ನೆರಡೂವರೆಗೆ ಕತ್ತರಿ ಫೈಲು ಕೊಟ್ಟ. ಕತ್ತರಿ ಎಂದರೆ ದೊಡ್ಡಮ್ಮನ ಮಗ. ಬೇರೆಯವರ ಆಡಿಯೊ ಕತ್ತರಿಸಿ ಜೋಡಿಸುವುದೇ ಅವನ ಕಸುಬಾದ್ದರಿಂದ ಮನೆಮಂದಿಯೆಲ್ಲ ಹಾಗೆ ಕರೆಯುತ್ತಿದ್ದರು. ಇಲ್ಲಿ ಮಾತ್ರ ಫ್ಯಾನಿನ ಗುಂಯ್‌ಗುಡುವಿಕೆ ತೆಗೆಯುವುದಷ್ಟೇ ಅವನ ಪಾಲಿಗೆ. "ಅಡುಗೆಭಟ್ಟನ್ನ ಕರ್ದು ನೀರು ಕಾಯ್ಸೋಕೆ ಹೇಳ್ದ ಹಾಗಾಯ್ತು," ಎಂದು ಯಾವಾಗಲೂ ಗೊಣಗುತ್ತಿದ್ದ.

ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಮೂರನೆಯ ನಿಮಿಷದಲ್ಲಿ ಅಜ್ಜಿ ನೀರು ಕುಡಿದು ಲೋಟ ಕೆಳಗಿಟ್ಟು ಹೂಂ ಅಂದಳು. ಟಣಕ್, ಹೂಂ. ಕತೆ ಏರಿತು, ಇಳಿಯಿತು. ಮೂವತ್ತೆಂಟನೆಯ ನಿಮಿಷಕ್ಕೆ ಮೆಕ್ಯಾನಿಕ್ ಅಂದ: "ಆಮೇಲೆ ಹೊಸದು ಬಂತು. ಬದಲಾಯಿಸ್ದೆ."

ಟಣಕ್, ಹೂಂ.

ಅವಳು ಕಣ್ಣು ತೆರೆದಳು. ಅಜ್ಜಿ ನೀರು ಕುಡಿದದ್ದು ಒಂದೇ ಸಲ. ಲೋಟ ಎರಡು ಸಲ ಹೇಗೆ ಸದ್ದು ಮಾಡಿತು?

ಮೂಲ ಫೈಲು ತೆರೆದು ಅದೇ ಜಾಗಕ್ಕೆ ಹೋದಳು. "ಬದಲಾಯಿಸ್ದೆ." ಆಮೇಲೆ ಏನೂ ಇಲ್ಲ. ಒಂದು, ಎರಡು, ಮೂರು... ಎಂಟು ಸೆಕೆಂಡು. ಕುರ್ಚಿ ಕಿರುಗುಟ್ಟಿತು. ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡು, "ಅಷ್ಟೇ ಅಮ್ಮಾ ನನ್ ಕತೆ" ಅಂದ. ಅದಕ್ಕೂ ಹೂಂ ಇಲ್ಲ.

"ಏ ಕತ್ತರಿ, ಇಲ್ಲಿ ಹೂಂ ಅಂಟಿಸಿದ್ದೀಯೇನೋ?"

"ಹೂಂ," ಅಂದ ಅವನು. ನಗಲು ನೋಡಿದ, ಅವಳ ಮುಖ ನೋಡಿ ನಿಲ್ಲಿಸಿದ. "ಅಲ್ಲ ಕಣೇ, ಕೊನೇಲಿ ಖಾಲಿ ಬಿಟ್ರೆ ಏನ್ ಚೆನ್ನಾಗಿರುತ್ತೆ? ಅಜ್ಜಿಗೆ ತೂಕಡಿಕೆ ಬಂದಿರ್ಬೇಕು. ಮೂರನೇ ನಿಮಿಷದ್ದು ಒಂದು ತಗೊಂಡು ಹಾಕ್ದೆ. ಅವರದ್ದೇ ಹೂಂ ತಾನೆ? ಕಳ್ಳತನ ಏನ್ ಮಾಡಿಲ್ವಲ್ಲ."

"ವಾರ ವಾರ ಮೊದಲಿಗೆ ನಾನು ಏನು ಹೇಳ್ತೀನಿ? ಅಂಟಿಸಿದ್ದು ಇಲ್ಲ ಅಂತ ತಾನೆ?"

"ಒಂದು ಹೂಂ ಕಣೇ! ಒಂದೇ ಒಂದು! ಅಪ್‌ಲೋಡಿಗೇ ಇಪ್ಪತ್ತು ನಿಮಿಷ ಬೇಕು, ಬೇಗ ಹೂಂ ಅನ್ನು."

ಅಜ್ಜಿ ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತಿದ್ದಳು. ಮೊಮ್ಮಗಳು ಎದುರಿಗೆ ನೆಲದ ಮೇಲೆ ಕೂತಳು. "ಅಜ್ಜೀ, ನಿನ್ನೆ ಕೊನೇಲಿ ನೀನು ಹೂಂ ಅನ್ನಲಿಲ್ಲ. ನಿದ್ದೆ ಬಂತಾ?"

"ನಿದ್ದೆ ನಿಮ್ಮಪ್ಪನಿಗೆ ಬರುತ್ತೆ, ಕೂತಲ್ಲಿ ನಿಂತಲ್ಲಿ. ನನಗ್ಯಾಕೆ ಬರುತ್ತೆ?" ದಾರ ಹಲ್ಲಿನಿಂದ ಕಡಿದಳು. "ಕತೆ ಮುಗಿದಿರಲಿಲ್ಲ, ಅದಕ್ಕೆ ಅನ್ನಲಿಲ್ಲ."

"ಮುಗೀತು ಅಂದ್ನಲ್ಲ ಅವನು."

"ಅಂದ. ಅಷ್ಟು ಹೊತ್ತೂ ನನ್ನ ಮುಖ ನೋಡ್ಕೊಂಡೇ ಹೇಳ್ದ, ಬದಲಾಯಿಸ್ದೆ ಅನ್ನುವಾಗ ಮಾತ್ರ ಕಾಲ ಹತ್ರ ಇದ್ದ ಚೀಲ ನೋಡ್ದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಆ ಮಾತಿಗೆ ಹೂಂ ಅಂದ್ರೆ ಸುಳ್ಳಿಗೆ ನಾನೂ ಹೆಗಲು ಕೊಟ್ಟ ಹಾಗಲ್ವಾ ಮಗು?"

"ನಿನ್ನೇನೇ ಹೇಳ್ಬಾರ್ದಾಗಿತ್ತಾ!"

"ಕೇಳೋಳು ಪ್ರಶ್ನೆ ಕೇಳ್ಬಾರ್ದು ಅಂತ ಕಟ್ಟಳೆ ಮಾಡ್ದೋಳು ಯಾರು? ನಾನಾ?"

ಚೀಲದೊಳಗೆ ಏನಿತ್ತು ಎನ್ನುವುದು ಮೊಮ್ಮಗಳಿಗೆ ಕೇಳದೆಯೇ ಗೊತ್ತಾಗಿತ್ತು. ಆದರೂ ಫೋನ್ ಹಚ್ಚಿದಳು. ಮೆಕ್ಯಾನಿಕ್ ಊರಿನ ಇನ್ನೊಂದು ತುದಿಯಲ್ಲಿ ಯಾವುದೋ ಕೆಲಸದಲ್ಲಿದ್ದ.

"ಅಣ್ಣಾ, ಆ ಹೊಸ ಸ್ಪ್ರಿಂಗು ನಿಮ್ಮ ಚೀಲದಲ್ಲೇ ಇದೆಯಾ?"

ಆ ಕಡೆ ಸುತ್ತಿಗೆಯ ಸದ್ದು ನಿಂತಿತು.

"ಅಮ್ಮ ಹೂಂ ಅನ್ನದೇ ಇದ್ದಾಗ್ಲೇ ಅಂದ್ಕೊಂಡೆ," ಅಂದ ಕೊನೆಗೆ. "ಹದಿಮೂರು ತಿಂಗಳಿಂದ ಹೊತ್ಕೊಂಡು ತಿರುಗ್ತಿದ್ದೀನಿ ಕಣಮ್ಮ. ಅದನ್ನ ಹಾಕ್ಬೇಕು ಅಂದ್ರೆ ಲಿಫ್ಟ್ ನಿಲ್ಲಿಸ್ಬೇಕು, ರಿಜಿಸ್ಟರ್ ತೆಗೀಬೇಕು. ಬದಲಾಯ್ಸಿದ್ದನ್ನ ಮತ್ತೆ ಯಾಕಯ್ಯ ಬದಲಾಯಿಸ್ತೀಯ ಅಂತ ಕೇಳ್ತಾರೆ. ಏನಂತ ಹೇಳ್ಲಿ? ಸೀಳಿನ ತುದೀಗೆ ಕೆಂಪು ಬಣ್ಣದ ಗುರುತು ಹಾಕಿದ್ದೀನಿ. ತಿಂಗಳು ತಿಂಗಳು ನೋಡ್ತೀನಿ. ಸೀಳು ಅಲ್ಲೇ ಇತ್ತು."

"ಇತ್ತು ಅಂದ್ರೆ?"

"ಸೋಮವಾರ ನೋಡ್ದಾಗ ಗುರುತು ದಾಟಿತ್ತು. ಒಂದು ಅಕ್ಕಿಕಾಳಷ್ಟು. ಅದಕ್ಕೇ... ಅದಕ್ಕೇ ನಿಮ್ಮನೇಗೆ ಬಂದೆ. ಎಲ್ಲಾದ್ರೂ ಹೇಳ್ಲೇಬೇಕಿತ್ತು. ಬಂದು ಕೂತ್ಮೇಲೆ ಕೊನೇ ಮಾತು ಬರ್ಲಿಲ್ಲ."

"ಯಾವ ಕಟ್ಟಡ ಅಣ್ಣಾ?"

"ನಿಮ್ಮದೇ."

ಅವಳ ಕಣ್ಣೆದುರು ಲಿಫ್ಟಿನ ಕನ್ನಡಿ ಬಂತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ತಲೆಗೂದಲು ಸರಿಮಾಡಿಕೊಳ್ಳುವ ಕನ್ನಡಿ. ಅದರ ಪಕ್ಕದ ಹಿತ್ತಾಳೆ ಫಲಕ: ಎಂಟು ಜನ. ಶುಕ್ರವಾರ ಎಂದರೆ ಆಸ್ಪತ್ರೆಯಲ್ಲಿ ಔಷಧಿ ಹನಿ ಹಾಕಿ ಕಣ್ಣಿನೊಳಗೆ ನೋಡುವ ದಿನ. ಒಬ್ಬೊಬ್ಬರ ಜೊತೆ ಇಬ್ಬಿಬ್ಬರು ಬಂದಿರುತ್ತಾರೆ. ಎಂಟು ಜನ ಹತ್ತುವ ಕಡೆ ಹತ್ತು ಜನ ತುರುಕಿಕೊಳ್ಳುತ್ತಾರೆ.

"ಈಗ್ಲೇ ಬನ್ನಿ," ಅಂದಳು.

"ನಾಳೆ ಬೆಳಗ್ಗೆ ಜನ ಇಲ್ದಾಗ ಗೊತ್ತಾಗದ ಹಾಗೆ..."

"ಅಣ್ಣಾ, ಈಗ್ಲೇ."

ಅವಳು ಚಪ್ಪಲಿ ಮೆಟ್ಟುವಾಗ ಕತ್ತರಿ ಲ್ಯಾಪ್‌ಟಾಪ್ ಹಿಡಿದು ಬಾಗಿಲಿಗೆ ಅಡ್ಡ ನಿಂತ. "ನೀನು ಹೋಗು, ಬೇಡ ಅನ್ನಲ್ಲ. ಆದ್ರೆ ಒಂದು ಗುಂಡಿ ಒತ್ತಿ ಹೋಗು. ಲಿಫ್ಟ್ ರಿಪೇರಿ ಆಗ್ಲಿ, ಕಂತೂ ಹೋಗ್ಲಿ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ಯಾರಿಗ್ ಗೊತ್ತಾಗುತ್ತೆ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ, ಅದೇ ಕಷ್ಟವಾಗಿತ್ತು. ಒಂದು ಗಳಿಗೆ ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು. ಇನ್ನೂ ಓಡುತ್ತಿದ್ದ ಕಂತಿನ ಲೋಟದ ಸದ್ದು ಹೆಡ್‌ಫೋನಿನಿಂದ ಸಣ್ಣಗೆ ಕೇಳಿಸಿತು.

"ಮುಟ್ಬೇಡ. ನಾನು ಹೇಳೋವರೆಗೂ ಮುಟ್ಬೇಡ," ಎಂದು ಓಡಿದಳು.

ಕಟ್ಟಡದ ಸೂಪರ್‌ವೈಸರ್ ತನ್ನ ಗೂಡಿನಲ್ಲಿ ಕೂತು ಕೀಲಿಗಳಿಗೆ ಚೀಟಿ ಅಂಟಿಸುತ್ತಿದ್ದ. ಏದುಸಿರಿನಲ್ಲಿ ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದ.

"ನೋಡಮ್ಮ, ರಿಜಿಸ್ಟರಲ್ಲಿ ಬದಲಾಯಿಸಲಾಗಿದೆ ಅಂತ ಇದೆ. ನಿನ್ನ ಮಾತು ಕೇಳಿ ನಾನು ಲಿಫ್ಟ್ ನಿಲ್ಲಿಸ್ದೆ ಅಂದ್ರೆ ಒಂಬತ್ತು ಮಹಡೀನೂ ಬಂದು ನನ್ನ ತಲೆ ಮೇಲೆ ಕೂರುತ್ತೆ. ಮೆಕ್ಯಾನಿಕ್ ಬರ್ಲಿ. ಅವನ ಬಾಯಲ್ಲಿ ಬರ್ಲಿ."

"ಅವನು ಬರೋಕೆ ಒಂದು ಗಂಟೆ ಬೇಕು ಸಾರ್."

"ಹದಿನಾಲ್ಕು ತಿಂಗಳು ನಿಂತಿದ್ದು ಒಂದು ಗಂಟೆ ನಿಲ್ಲಲ್ವಾ?"

ಅಷ್ಟರಲ್ಲಿ ಲಿಫ್ಟ್ ಕೆಳಗಿಳಿದು ಬಾಗಿಲು ತೆರೆಯಿತು. ಜನ ಇಳಿದರು. ಹೊಸಬರು ನುಗ್ಗುವ ಮೊದಲೇ ಅವಳು ಹೋಗಿ ಹೊಸ್ತಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ, ಕಾಲು ಚಾಚಿ ಕೂತುಬಿಟ್ಟಳು. ಬಾಗಿಲು ಮುಚ್ಚಲು ಬಂದು ಅವಳ ಭುಜಕ್ಕೆ ತಾಗಿ ಹಿಂದೆ ಸರಿಯಿತು. ಮತ್ತೆ ಬಂದು ಮತ್ತೆ ಸರಿಯಿತು. ಬಾಗಿಲು ಮುಚ್ಚದೆ ಪೆಟ್ಟಿಗೆ ಅಲುಗದು; ಇಷ್ಟು ಅವಳಿಗೆ ನಿನ್ನೆಯ ಕತೆಯಿಂದಲೇ ಗೊತ್ತಾಗಿತ್ತು.

"ಏನಮ್ಮಾ ಇದು, ಮದುವೆಮನೇಲಿ ಮುನಿಸ್ಕೊಂಡ ಬೀಗಿತ್ತಿ ಹಾಗೆ!"

"ಹುಷಾರಿಲ್ವಾ? ನೀರು ಕೊಡ್ರಪ್ಪಾ."

"ನಾನು ಎಂಟನೇ ಮಹಡಿಗೆ ಹೋಗ್ಬೇಕು, ನೀನು ಹೊತ್ಕೊಂಡು ಹೋಗ್ತೀಯಾ?"

"ಮೆಟ್ಟಲಲ್ಲಿ ಹೋಗಿ," ಅಂದಳು ಅವಳು. "ಬ್ರೇಕ್ ಸರಿಯಿಲ್ಲ. ದಯವಿಟ್ಟು ಮೆಟ್ಟಲಲ್ಲಿ ಹೋಗಿ."

ಬ್ರೇಕ್ ಎಂಬ ಮಾತಿಗೆ ಕೆಲವರು ತಾವಾಗಿ ಹಿಂದೆ ಸರಿದರು. ಕೆಲವರು ಸೂಪರ್‌ವೈಸರನನ್ನು ಹುಡುಕಿಕೊಂಡು ಹೋಗಿ ಅವನ ಗೂಡಿಗೆ ಮುತ್ತಿದರು. ಅವನು ದೂರದಿಂದಲೇ ಅವಳತ್ತ ಕೈಮುಗಿದ. ಆ ಕೈಮುಗಿಯುವಿಕೆಯಲ್ಲಿ ಮರ್ಯಾದೆ ಒಂದು ಚೂರೂ ಇರಲಿಲ್ಲ.

ಮೆಕ್ಯಾನಿಕ್ ಬಂದದ್ದು ಮೂರು ಗಂಟೆಗೆ. ಹೊಸ್ತಿಲ ಮೇಲೆ ಕೂತ ಅವಳನ್ನು ನೋಡಿದ. ನೇರ ಗೂಡಿಗೆ ಹೋಗಿ ಚೀಲದಿಂದ ಎಣ್ಣೆಕಾಗದದ ಪೊಟ್ಟಣವೊಂದನ್ನು ತೆಗೆದು ಸೂಪರ್‌ವೈಸರನ ಮೇಜಿನ ಮೇಲೆ ಇಟ್ಟ.

"ಇದು ನಿಮ್ಮ ಲಿಫ್ಟಿಂದು ಸಾರ್. ಹಾಕಿದ್ದೀನಿ ಅಂತ ಬರ್ದಿದ್ದೆ. ಹಾಕಿಲ್ಲ."

ಸೂಪರ್‌ವೈಸರ್ ಪೊಟ್ಟಣ ನೋಡಿದ, ಅವನನ್ನು ನೋಡಿದ. "ನನ್ನ ಹೆಂಡ್ತೀನೇ ನಿನ್ನೆ ಇದ್ರಲ್ಲಿ ಹೋದ್ಲಲ್ಲಯ್ಯಾ, ಪಾಪಿ," ಅಂದ. ಆಮೇಲೆ ಬೈಯಲು ಪುರುಸೊತ್ತಿಲ್ಲ ಎಂಬಂತೆ ಎದ್ದು ಕೀಲಿ ತೆಗೆದುಕೊಂಡ.

ಖಾಲಿ ಪೆಟ್ಟಿಗೆಯನ್ನು ನಿಧಾನವಾಗಿ ತುದಿಗೆ ಏರಿಸಿ ನಿಲ್ಲಿಸಿದರು. ಮೇನ್ ಸ್ವಿಚ್ಚು ಇಳಿಯಿತು. ಒಂಬತ್ತು ಮಹಡಿಯಲ್ಲೂ 'ಲಿಫ್ಟ್ ಬಂದ್' ಎಂಬ ಬೋರ್ಡು ಬಿತ್ತು. ಅದರ ಬೆನ್ನಿಗೇ ಆರನೆಯ ಮಹಡಿಯಿಂದ ಕಣ್ಣಿನ ಡಾಕ್ಟರಮ್ಮನ ಫೋನು ಬಂತು.

"ರಜೆ ಹಾಕಿ ಕೆಳಗೆ ಧರಣಿ ಕೂತಿದ್ದೀಯಂತೆ, ನಿಜಾನಾ? ಇಲ್ಲಿ ಹದಿನಾಲ್ಕು ಜನಕ್ಕೆ ಹನಿ ಹಾಕಿದ್ದೀನಿ. ಎದುರಿಗೆ ಬಂದೋರು ಗಂಡಾನೋ ಬಾಗಿಲೋ ಗೊತ್ತಾಗ್ತಿಲ್ಲ ಅವರಿಗೆ. ಮೆಟ್ಟಲು ಹೇಗೆ ಇಳಿಸ್ಲಿ?"

"ನಾನು ಬರ್ತೀನಿ ಡಾಕ್ಟರಮ್ಮ. ಒಬ್ಬೊಬ್ರನ್ನೇ ಇಳಿಸ್ತೀನಿ."

ನೂರಿಪ್ಪತ್ತು ಮೆಟ್ಟಿಲು. ಜೊತೆಗೆ ಬಂದವರು ಗಟ್ಟಿಮುಟ್ಟಾಗಿದ್ದ ಕಡೆ ಅವರೇ ಇಳಿಸಿದರು. ಉಳಿದ ಐದು ಜನ ಅವಳ ಪಾಲಿಗೆ ಬಂದರು. "ಈಗ ಒಂದು ಮೆಟ್ಟಲು. ಇನ್ನೊಂದು. ಇಲ್ಲಿ ತಿರುವು. ಗೋಡೆ ಹಿಡೀರಿ." ಇಳಿದಳು, ಏರಿದಳು, ಮತ್ತೆ ಇಳಿದಳು. ಕೊನೆಯವಳು ಒಬ್ಬ ನಿವೃತ್ತ ಟೀಚರ್. ಕಣ್ಣು ಕಾಣದಿದ್ದರೂ ಬಾಯಿ ಚುರುಕು.

"ನೀನೇನಾ ಬಾಗಿಲಲ್ಲಿ ಕೂತೋಳು?"

"ಹೌದು ಟೀಚರ್."

"ಕೈ ಯಾಕೆ ಇಷ್ಟು ತಣ್ಣಗಿದೆ? ನನ್ನನ್ನ ಬೀಳಿಸೋ ಯೋಚನೆ ಏನಾದ್ರೂ ಇದೆಯಾ?"

ನಾಲ್ಕನೆಯ ಮಹಡಿಯ ತಿರುವಿನಲ್ಲಿ ಫೋನ್ ಬಡಿದುಕೊಂಡಿತು. ಕತ್ತರಿ. ಗಂಟೆ ನಾಲ್ಕು ಮೂವತ್ತೈದು.

"ಈಗ ಶುರು ಮಾಡಿದ್ರೆ ಐದಕ್ಕೆ ಮುಟ್ಟುತ್ತೆ. ಕಳಿಸ್ಲಾ?"

ಅವಳು ಟೀಚರ್‌ ಕೈಯನ್ನು ಕಂಬಿಯ ಮೇಲಿಟ್ಟು ಗೋಡೆಗೆ ಒರಗಿದಳು. "ಆ ಹೂಂ ತೆಗೆದು ಹಾಕೋಕೆ ಆಗುತ್ತಾ?"

"ಎರಡು ನಿಮಿಷದ ಕೆಲಸ. ಆದ್ರೆ ಖಾಲಿ ಬಿಟ್ರೆ ಕೇಳೋರಿಗೆ ಕತೆ ಮುಗ್ದಿಲ್ಲ ಅಂತ ಗೊತ್ತಾಗುತ್ತೆ ಕಣೇ."

"ಮುಗ್ದಿಲ್ವಲ್ಲೋ."

"ಮತ್ತೆ? ಮುಗೀದಿದ್ದನ್ನೇ ಕಳಿಸೋಣ. ದೊಡ್ಡಗಂಟಲು ಮಧ್ಯಾಹ್ನಾನೇ ಕಳಿಸಿದ್ದಾನಂತೆ, ಊರೆಲ್ಲ ಟಾಂ ಟಾಂ ಹೊಡೀತಿದ್ದಾನೆ." ಅವನ ದನಿ ಒಡೆಯಿತು. "ನಲವತ್ತು ವಾರ ಕಣೇ. ನನ್ನದೂ ನಲವತ್ತು ವಾರ."

ಅವನೂ ಇಷ್ಟು ಆಸೆ ಇಟ್ಟುಕೊಂಡಿದ್ದಾನೆ ಎನ್ನುವುದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಕಂತು ಹೋದರೆ ಜನರ ಕಿವಿಗೆ ಬೀಳುವುದು 'ಬದಲಾಯಿಸ್ದೆ' ಎಂಬ ಮಾತು. ನಿಜದಲ್ಲಿ ಇನ್ನೂ ಬದಲಾಯಿಸಿಲ್ಲ. ಮೇಲಿನ ಕೋಣೆಯಲ್ಲಿ ಈಗಷ್ಟೇ ಒಬ್ಬ ನಟ್ಟು ಸಡಿಲಿಸುತ್ತಿದ್ದಾನೆ. ಅದು ಹಿಡಿಯುತ್ತದೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಇದನ್ನು ಹೇಳಿದ್ದು ಹೇಳಿದ ಹಾಗೆ ಎಂದು ಯಾವ ಬಾಯಿಯಲ್ಲಿ ಹೇಳುವುದು?

"ಬೇಡ ಕಣೋ," ಅಂದಳು. "ಕಳಿಸ್ಬೇಡ. ಬೈಯೋದಿದ್ರೆ ಆಮೇಲೆ ಬೈ."

ಕತ್ತರಿ ಬೈಯಲಿಲ್ಲ. ಫೋನ್ ಇಟ್ಟ. ಬೈದಿದ್ದರೇ ಚೆನ್ನಾಗಿತ್ತು.

"ಅಳ್ತಿದ್ದೀಯಾ?" ಟೀಚರ್ ಕೇಳಿದಳು.

"ಇಲ್ಲ ಟೀಚರ್. ಇಲ್ಲಿ ಒಂದು ಮೆಟ್ಟಲು."

ಟೀಚರನ್ನು ಕೆಳಗೆ ಕೂರಿಸಿ, ಅವಳು ಒಂಬತ್ತೂ ಮಹಡಿ ಏರಿ ಯಂತ್ರದ ಕೋಣೆಗೆ ಬಂದಾಗ ಐದು ದಾಟಿತ್ತು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಬಿಸಿ ಎಣ್ಣೆಯ ವಾಸನೆ. ನಡುವೆ ದಪ್ಪ ಹಗ್ಗಗಳ ದೊಡ್ಡ ಚಕ್ರ, ಅದರ ಪಕ್ಕ ಬ್ರೇಕಿನ ಉರುಟು ಡ್ರಮ್ಮು, ಅದನ್ನು ಎರಡೂ ಕಡೆಯಿಂದ ಒತ್ತಿದ ಕಬ್ಬಿಣದ ತೋಳುಗಳು. ಅವಳು ಮನಸ್ಸಿನಲ್ಲಿ ಕಂಡಿದ್ದ ಕಾವಲುಗಾರರು ಇಷ್ಟು ಚಿಕ್ಕವರೆಂದು ಅವಳು ಎಣಿಸಿರಲಿಲ್ಲ. ಎಡಗಡೆಯ ಸ್ಪ್ರಿಂಗು ಅಂಗೈಯಗಲ ಉದ್ದ; ಮೈಮೇಲೆ ಉಗುರಿನಷ್ಟು ಕೆಂಪು ಗುರುತು.

ಸೂಪರ್‌ವೈಸರ್ ಟಾರ್ಚ್ ಹಿಡಿದು ನಿಂತಿದ್ದ. ಇಡೀ ಡ್ರಮ್ಮಿಗೆ ಮೆಕ್ಯಾನಿಕ್ ದಪ್ಪ ಸರಪಳಿ ಬಿಗಿದಿದ್ದ. ನಟ್ಟು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಅದನ್ನು ಎಣ್ಣೆಯಲ್ಲಿ ನೆನೆಸಿ ಕಾದದ್ದೇ ಒಂದು ಗಂಟೆಯಂತೆ. ಅವಳು ತನ್ನ ಕೈಚೀಲದಲ್ಲಿ ಸದಾ ಇರುತ್ತಿದ್ದ ರೆಕಾರ್ಡರ್ ತೆಗೆದಳು. ಕೇಳಬೇಕೋ ಬೇಡವೋ ಎಂದು ನಿಂತಳು.

"ಹಾಕು," ಅಂದ ಅವನು ತಲೆ ಎತ್ತದೆ. "ಅಮ್ಮ ಬಂದಿಲ್ವಾ ಹೂಂ ಅನ್ನೋಕೆ?"

"ಇಷ್ಟು ಮೆಟ್ಟಲು ಹತ್ತೋಕೆ ಆಗಲ್ಲ ಅಣ್ಣ."

"ಸರಿ ಬಿಡು. ನಾನೂ ಮಾತಾಡಲ್ಲ. ಕೆಲಸ ಮಾಡ್ತೀನಿ."

ಸ್ಪ್ಯಾನರ್ ಕಾಲು ಸುತ್ತು ತಿರುಗಿತು. ನಿಂತಿತು. ಇನ್ನೊಂದು ಕಾಲು ಸುತ್ತು. ಅವನ ಕತ್ತಿನ ನರ ಉಬ್ಬಿತು. ಮೂರನೆಯ ತಿರುವಿಗೆ ಟಣ್ ಎಂದು ಏನೋ ಹಾರಿ ಗೋಡೆಗೆ ಬಡಿಯಿತು. ಸೂಪರ್‌ವೈಸರನ ಕೈಯ ಟಾರ್ಚ್ ಬೆಳಕು ಛಾವಣಿಗೆ ಹೋಯಿತು. ಮೂವರೂ ಡ್ರಮ್ಮು ನೋಡಿದರು. ಸರಪಳಿ ಬಿಗಿಯಾಯಿತು, ಕಿರುಗುಟ್ಟಿತು, ಹಿಡಿಯಿತು.

ಸ್ಪ್ರಿಂಗು ಎರಡು ತುಂಡಾಗಿತ್ತು. ಮೆಕ್ಯಾನಿಕ್ ತುಂಡನ್ನು ನೆಲದಿಂದ ಎತ್ತಿ ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದ. ಮುಕ್ಕಾಲು ಭಾಗ ಕಪ್ಪು, ಹಳೆಯ ತುಕ್ಕು. ಹೊಸದಾಗಿ ಹೊಳೆಯುತ್ತಿದ್ದದ್ದು ಒಂದಿಷ್ಟೇ ಇಷ್ಟು.

"ಇಷ್ಟ್ರ ಮೇಲೆ ನಿಂತಿತ್ತು," ಅಂದ. ಗೋಡೆಗೆ ಒರಗಿ ಕೂತ. ಮುಂಗೈಯಿಂದ ಕಣ್ಣು ಒರೆಸಿಕೊಂಡ.

"ಏಳಯ್ಯಾ," ಅಂದ ಸೂಪರ್‌ವೈಸರ್, ಮೆತ್ತಗೆ. "ಅಳೋದು ಆಮೇಲೆ."

ಅವನು ಎದ್ದ. ಎಣ್ಣೆಕಾಗದ ಬಿಚ್ಚಿ ಹೊಸದನ್ನು ಕೂರಿಸಿದ. ಉಕ್ಕಿನ ಅಳತೆಪಟ್ಟಿ ಹಿಡಿದು ನಟ್ಟು ತಿರುಗಿಸಿದ, ಅಳೆದ, ತಿರುಗಿಸಿದ, ಮತ್ತೆ ಅಳೆದ. ಬಲಗಡೆಯದೂ ಎಡಗಡೆಯದೂ ಒಂದೇ ಅಳತೆಗೆ ಬರಬೇಕು. ಬಂದ ಮೇಲೂ ಮೂರು ಸಲ ಅಳೆದ. ಸರಪಳಿ ಬಿಚ್ಚಿ, ಖಾಲಿ ಪೆಟ್ಟಿಗೆಯನ್ನು ಇಳಿಸಿ ನಡುದಾರಿಯಲ್ಲಿ ಕರೆಂಟು ತೆಗೆದ. ಡ್ರಮ್ಮು ಧಡ್ ಎಂದು ನಿಂತಿತು.

"ಖಾಲೀದು ಯಾರ್ ಬೇಕಾದ್ರೂ ಹಿಡೀತಾರೆ," ಅಂದ. "ಭಾರ ಹಾಕಿ ನೋಡ್ಬೇಕು."

ಎಂಟು ಜನರ ಭಾರಕ್ಕೆ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳು ಇಪ್ಪತ್ತೇಳು ಬೇಕು. ಕೆಳಗಿನ ಉಗ್ರಾಣದಿಂದ ಒಂದೊಂದೇ ಉರುಳಿಸಿ ತಂದರು. ಮೊಮ್ಮಗಳು ಎಣಿಸಿದಳು. ಕಣ್ಣು ತಿಳಿಯಾಗುವವರೆಗೂ ಕೂತಿದ್ದ ಟೀಚರ್ ಕೂಡ ದನಿಗೂಡಿಸಿ ಎಣಿಸಿದಳು. ಹತ್ತೊಂಬತ್ತರಲ್ಲಿ ಮೊಮ್ಮಗಳು ತಪ್ಪಿದಾಗ ತಿದ್ದಿದಳು. ಆಮೇಲೆ ಮೂವರೂ ಮತ್ತೆ ಮೇಲೆ ಹತ್ತಿದರು.

ತುಂಬಿದ ಪೆಟ್ಟಿಗೆ ಒಂಬತ್ತಕ್ಕೆ ಏರಿತು. ಇಳಿಯತೊಡಗಿತು. ಚಕ್ರದ ಮೇಲೆ ಹಗ್ಗಗಳು ಗುಂಯ್‌ಗುಟ್ಟಿದವು. ಏಳು. ಆರು. ಮೆಕ್ಯಾನಿಕ್‌ನ ಕೈ ಸ್ವಿಚ್ಚಿನ ಮೇಲಿತ್ತು. ಐದು. ಅವನು ಒಮ್ಮೆ ಅವಳ ಕಡೆ ನೋಡಿದ; ಚೀಲದ ಕಡೆ ನೋಡಲಿಲ್ಲ. ನಾಲ್ಕು ಎನ್ನುವಾಗ ಸ್ವಿಚ್ಚು ಎಳೆದ.

ತೋಳುಗಳೆರಡೂ ಒಟ್ಟಿಗೆ ಬಡಿದವು. ಡ್ರಮ್ಮು ಒಂದು ಗೇಣು ಜಾರಿತು. ನಿಂತಿತು.

ಅವನು ಅದರ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಗಡಿಯಾರ ನೋಡುತ್ತ ಹತ್ತು ನಿಮಿಷ ಕಾದ. ಗೆರೆ ಕೂದಲಿನಷ್ಟೂ ಸರಿಯಲಿಲ್ಲ. ಮತ್ತೆ ಮೇಲಕ್ಕೆ ಕಳಿಸಿ, ಇಳಿಸಿ, ಮತ್ತೆ ಎಳೆದ. ಹೀಗೆ ಮೂರು ಸಲ.

ಕೆಳಗೆ ಗೂಡಿನಲ್ಲಿ ಸೂಪರ್‌ವೈಸರ್ ರಿಜಿಸ್ಟರ್ ತೆರೆದಿಟ್ಟ. ಕಂಪನಿಯಿಂದ ಆಗಲೇ ಫೋನು ಬಂದಿತ್ತು. ಸೋಮವಾರ ಚೀಲ ಒಪ್ಪಿಸಿ ಕೆಲಸ ಬಿಟ್ಟು ಹೋಗು ಎಂದಿದ್ದರು. ಮೆಕ್ಯಾನಿಕ್ ಹದಿನಾಲ್ಕು ತಿಂಗಳ ಹಿಂದಿನ ಪುಟ ಹುಡುಕಿ, 'ಬದಲಾಯಿಸಲಾಗಿದೆ' ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದ. ಕೆಳಗಿನ ಅಕ್ಷರ ಕಾಣುವ ಹಾಗೆ. ಪಕ್ಕದಲ್ಲಿ 'ಅಂದು ಬದಲಾಯಿಸಿಲ್ಲ' ಎಂದು ಬರೆದು ಸಹಿ ಹಾಕಿದ. ಇಂದಿನ ಪುಟಕ್ಕೆ ಬಂದು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತ ಬರೆದ, ರೆಕಾರ್ಡರ್ ಇನ್ನೂ ಓಡುತ್ತಿತ್ತು: "ಎಡಗಡೆಯ ಬ್ರೇಕ್ ಸ್ಪ್ರಿಂಗ್ ಬದಲಾಯಿಸಲಾಗಿದೆ. ಪೂರ್ತಿ ಭಾರದಲ್ಲಿ ಮೂರು ಸಲ ಪರೀಕ್ಷಿಸಲಾಗಿದೆ. ಸಮಯ ಏಳು ಗಂಟೆ ಐದು ನಿಮಿಷ."

ಸೂಪರ್‌ವೈಸರ್ ಎರಡು ಸಲ ಓದಿ, ಕೆಳಗೆ ತನ್ನ ಸಹಿ ಹಾಕಿದ. ಮೊಮ್ಮಗಳು ರೆಕಾರ್ಡರ್ ನಿಲ್ಲಿಸದೆ ಮನೆಯ ಕಡೆ ಹೊರಟಳು; ಹೂಂ ಅನ್ನಬೇಕಾದವಳು ಅಲ್ಲಿದ್ದಳು.